ಟೋಲ್ ಲೇನಿನಲ್ಲಿ ಬಸ್ಸಿಗೆ ಜಾಗ ಕೇಳಿದ ಮೇಷ್ಟ್ರು

ಚಿತ್ರದುರ್ಗದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣಕಾರರು ಒಬ್ಬರಾದ ಮೇಲೊಬ್ಬರು ಎದ್ದು ನಿಂತು ನಮ್ಮ ಮೇಷ್ಟ್ರನ್ನು ಅಜಾತಶತ್ರು ಎಂದು ಕರೆದರು. ಅವರು ಯಾರ ಮನಸ್ಸನ್ನೂ ನೋಯಿಸಿದವರಲ್ಲವಂತೆ. ಯಾರಿಗೂ ಎದುರಾಡಿದವರಲ್ಲವಂತೆ. ಹಾರ ಹಾಕಿದ ಭಾವಚಿತ್ರದೊಳಗಿಂದ ಮೇಷ್ಟ್ರು, ತರಗತಿಯಲ್ಲಿ ಅಸಂಬದ್ಧ ಉತ್ತರ ಕೇಳಿದಾಗ ನೋಡುತ್ತಿದ್ದ ಹಾಗೆಯೇ, ಹುಬ್ಬೇರಿಸಿಕೊಂಡು ನೋಡುತ್ತಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಯಿತೆಂದು ಸಭೆಯನ್ನು ಮುಗಿಸಿಬಿಟ್ಟರು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಭೆಯ ಅಭಿಪ್ರಾಯವನ್ನು ನಾನು ವಿರೋಧಿಸುತ್ತೇನೆ.

ಅವರಿಗೆ ವಿರೋಧಿಗಳಿದ್ದರು, ಧಾರಾಳವಾಗಿ ಇದ್ದರು. ಹಿರಿಯೂರಿನ ಲಾರಿ ಮಾಲೀಕರಿದ್ದರು, ಬೆಂಗಳೂರಿನ ದೊಡ್ಡ ಕಚೇರಿಯವರಿದ್ದರು, ಕೆಲವು ಕಾಲ ನಾನೂ ಇದ್ದೆ. ಆ ವಿರೋಧಿಗಳಲ್ಲಿ ಬಹುಪಾಲು ಮಂದಿ ಆ ದಿನ ಅದೇ ಸಭೆಯಲ್ಲಿ ಕರವಸ್ತ್ರ ಹಿಡಿದುಕೊಂಡು ಕುಳಿತಿದ್ದರು. ಅವರನ್ನು ಅಲ್ಲಿಗೆ ಕರೆತಂದದ್ದು ಮೇಷ್ಟ್ರು ಅವರೊಂದಿಗೆ ಆಡಿದ ಜಗಳ. ಒಬ್ಬ ಮನುಷ್ಯ ಜೀವಮಾನವೆಲ್ಲ ಶ್ರದ್ಧೆಯಿಂದ ಆಡಿದ ಜಗಳವನ್ನು ಆತ ಸತ್ತ ಕೂಡಲೇ ಅವನಿಂದ ಕಿತ್ತುಕೊಂಡು, ಅದರ ಬದಲಿಗೆ ಸಜ್ಜನಿಕೆಯ ಶಾಲು ಹೊದಿಸುವುದನ್ನು ಸಂತಾಪ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಚಿತ್ರದುರ್ಗದ ಪದವಿ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರ ಹೇಳುತ್ತಿದ್ದರು. ಚರ್ಚಾಕೂಟವನ್ನು ನಡೆಸುವ ಕೆಲಸ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅದೂ ಅವರ ಪಾಲಿಗೆ ಬಂದಿತ್ತು. ಹೊಳಲ್ಕೆರೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನಾನು ಮೊದಲ ವರ್ಷದಲ್ಲಿಯೇ ಆ ಕೂಟಕ್ಕೆ ಸೇರಿದೆ. ನನಗೆ ಮಾತು ಬರುತ್ತದೆ ಎಂಬ ಧೈರ್ಯವೊಂದೇ ನನ್ನ ಬಳಿಯಿದ್ದ ಸಿದ್ಧತೆ. ಮೊದಲ ಸಂಜೆಯೇ "ಮಾನ್ಯ ಅಧ್ಯಕ್ಷರೇ" ಎಂದು ಏರಿದ ದನಿಯಲ್ಲಿ ಶುರುಮಾಡಿ, ನನಗಿಂತ ಮೊದಲು ಮಾತನಾಡಿದ್ದ ಹುಡುಗನ ವಾದವನ್ನು ಒಂದೇ ಏಟಿಗೆ ಪುಡಿಮಾಡಲು ಹೊರಟಾಗ ಮೇಷ್ಟ್ರು ಬೆರಳಿನ ಗೆಣ್ಣಿನಿಂದ ಮೇಜನ್ನು ತಟ್ಟಿದರು.

"ತಡಿಯಮ್ಮ. ಅವನು ಏನಂದ ಅದನ್ನ ಹೇಳು."

"ಸರ್, ಅವನು ಹೇಳಿದ್ದು ತಪ್ಪು."

"ತಪ್ಪೋ ಸರಿಯೋ ಆಮೇಲೆ ನೋಡಾಣ. ಏನಂದ?"

ನಾನು ಹೇಳಿದೆ. ಅವರು ಆ ಹುಡುಗನ ಕಡೆಗೆ ತಿರುಗಿ, "ಏನಪ್ಪ, ನೀನು ಅಂದಿದ್ದು ಇದೇನಾ?" ಎಂದು ಕೇಳಿದರು.

"ಇಲ್ಲ ಸರ್. ನಾನು ಇಷ್ಟು ದಡ್ಡನಂಗೆ ಏನೂ ಹೇಳ್ಲಿಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಇನ್ನೊಂದ್ಸಲ ಹೇಳು. ಅವನು ಹೌದು ಅನ್ನೋ ತನ್ಕ ಹೇಳು. ಆಮೇಲೆ ಹೊಡಿ ಬೇಕಾದ್ರೆ."

ಅದೇ ಅವರ ನಿಯಮ. ಎದುರಿನವರ ಮಾತನ್ನು ಎದುರಿನವರಿಗಿಂತ ಚೆನ್ನಾಗಿ ಹೇಳಬೇಕು; ಅವರು "ಹೌದು, ಇದೇ ನನ್ನ ಮಾತು" ಎಂದು ತಲೆಯಾಡಿಸಬೇಕು; ವಿರೋಧಿಸುವ ಹಕ್ಕು ಹುಟ್ಟುವುದು ಅಲ್ಲಿಂದ ಮುಂದೆ. ಬೇರೆ ಊರುಗಳ ಸ್ಪರ್ಧೆಗಳಿಗೆ ಹೋದಾಗ ಈ ನಿಯಮದ ದೆಸೆಯಿಂದ ನಾವು ಸೋಲುತ್ತಿದ್ದದ್ದೇ ಹೆಚ್ಚು. ಕೊಟ್ಟ ಸಮಯದ ಅರ್ಧ ಎದುರಾಳಿಯ ಸೇವೆಗೇ ಹೋಗಿ, ಗಂಟೆ ಬಾರಿಸುವ ಹೊತ್ತಿಗೆ ನಮ್ಮ ಸ್ವಂತ ವಾದ ಇನ್ನೂ ಹೊಸ್ತಿಲ ಮೇಲೆ ನಿಂತಿರುತ್ತಿತ್ತು. ಹಿಂದಿರುಗುವಾಗ ನಾವು ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕುಳಿತರೆ ಅವರು ಹುರಿದ ಶೇಂಗಾ ಹಂಚುತ್ತ, "ಕಪ್ ಹೋತು ಅಷ್ಟೇ ಕಣ್ರೋ. ವಾದ ನಮ್ ಹತ್ರಾನೇ ಐತೆ" ಎನ್ನುತ್ತಿದ್ದರು. ಗೆದ್ದು ಬಂದ ಅಪರೂಪದ ದಿನಗಳಲ್ಲಿಯೂ ಅವರಿಗೆ ಸಮಾಧಾನವಿಲ್ಲ. "ಚಪ್ಪಾಳೆ ಬಿತ್ತು ಅಂದ್ರೆ ಜನ ಕೇಳೋದು ನಿಲ್ಲಿಸಿದ್ರು ಅಂತ ತಿಳ್ಕಳ್ರಿ."

ಈ ನಿಯಮ ಕಾಲೇಜಿನ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಅವರ ಹೆಂಡತಿಯನ್ನು ವಿದ್ಯಾರ್ಥಿಗಳಾದ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದೆವು. ಹೊಸದುರ್ಗದ ವ್ಯಾಪಾರಸ್ಥರ ಮನೆಯ ಮಗಳು. ಮಾತಿನಲ್ಲಿ ಮೇಷ್ಟ್ರಿಗಿಂತ ಒಂದು ಕೈ ಮೇಲು. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಮೇಷ್ಟ್ರು "ಸಾರಿಗೆ ಉಪ್ಪು..." ಎಂದು ಬಾಯಿ ತೆರೆದರು.

"ಮೊದ್ಲು ನನ್ನ ಮಾತು ಹೇಳ್ರಿ," ಎಂದರು ಅಕ್ಕ, ತಿರುಗಿಯೂ ನೋಡದೆ.

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ನಿಮಗೆ ಬಿಪಿ ಐತೆ. ಡಾಕ್ಟ್ರು ಉಪ್ಪು ಕಮ್ಮಿ ಮಾಡ್ರಿ ಅಂದವ್ರೆ. ನಿಮ್ಮ ನಾಲಿಗೆ ರುಚಿಗೋಸ್ಕರ ನಾನು ಆಸ್ಪತ್ರೆ ಅಲೆಯಕ್ಕೆ ತಯಾರಿಲ್ಲ. ಇದೇ ಅಲ್ವೇನೇ ನಿನ್ನ ಮಾತು?"

"ಹೂಂ, ಇದೇ. ಈಗ ಹೇಳ್ರಿ ನಿಮ್ದು."

ಮೇಷ್ಟ್ರು ತಟ್ಟೆಯನ್ನು ಮುಂದಕ್ಕೆ ಸರಿಸಿ, "ಏನಿಲ್ಲ, ಅನ್ನ ಹಾಕು" ಎಂದರು.

ಅವರ ಹಳೆಯ ಸ್ಕೂಟರನ್ನು ಕುರಿತು ಊರಿನಲ್ಲಿ ಬೇಕಾದಷ್ಟು ನಗೆಮಾತುಗಳಿದ್ದವು. ಮಟಮಟ ಮಧ್ಯಾಹ್ನ, ನಾಲ್ಕೂ ದಿಕ್ಕಿನಲ್ಲಿ ಒಂದು ನಾಯಿಯೂ ಇಲ್ಲದ ವೃತ್ತದಲ್ಲಿ ಅವರು ಕೆಂಪು ದೀಪಕ್ಕೆ ಕಾಲೂರಿ ನಿಂತಿರುತ್ತಿದ್ದರು. ಒಮ್ಮೆ ಪಕ್ಕದ ಅಂಗಡಿಯಿಂದ ಯಾರೋ ಕೂಗಿ ಹೇಳಿದರು: "ಹೋಗ್ರಿ ಮೇಷ್ಟ್ರೇ, ಯಾರೂ ಇಲ್ಲ!" ಮೇಷ್ಟ್ರು ತಿರುಗಿ, "ನಾನಿದೀನಲ್ಲಪ್ಪ" ಎಂದರು. ಈ ಮಾತನ್ನು ಊರು ವರ್ಷಗಟ್ಟಲೆ ಹಾಸ್ಯವೆಂದು ಹೇಳಿಕೊಂಡು ತಿರುಗಿತು. ನನಗೆ ಅದು ಹಾಸ್ಯವಾಗಿ ಎಂದೂ ಕೇಳಿಸಿಲ್ಲ.

ನಿವೃತ್ತಿಯಾದ ಮೇಲೆ ಅವರನ್ನು ಒಂದು ಅಧ್ಯಯನ ಸಮಿತಿಗೆ ಸೇರಿಸಿಕೊಂಡರು. ಬೆಂಗಳೂರಿಗೆ ನಮ್ಮ ಕಡೆಯಿಂದ ಹೋಗುವ ಹೆದ್ದಾರಿ ನಗರ ಹತ್ತಿರವಾದಂತೆ ಕಟ್ಟಿಕೊಳ್ಳುತ್ತದೆ. ಐಮಂಗಲದ ಬಯಲಿನಲ್ಲಿ ಹಾರಿಕೊಂಡು ಬಂದ ವಾಹನ ಅಲ್ಲಿ ಎತ್ತಿನ ಗಾಡಿಗಿಂತ ನಿಧಾನವಾಗಿ ತೆವಳುತ್ತದೆ. ಆ ಕೊನೆಯ ಭಾಗದಲ್ಲಿ ಒಂದು ಲೇನನ್ನು ಬೇರೆ ಮಾಡಿ, ಅದರಲ್ಲಿ ಹೋಗುವವರಿಂದ ಮಾಮೂಲಿ ಟೋಲಿನ ಮೇಲೆ ಇನ್ನೊಂದು ಶುಲ್ಕ ಪಡೆದರೆ, ದಟ್ಟಣೆ ಏರಿದಂತೆ ಆ ಶುಲ್ಕವನ್ನೂ ಏರಿಸಿದರೆ, ಒಟ್ಟು ಇಕ್ಕಟ್ಟು ಕಡಿಮೆಯಾದೀತೇ ಎಂಬುದು ಅಧ್ಯಯನದ ಪ್ರಶ್ನೆ. ಗುತ್ತಿಗೆ ಪಡೆದದ್ದು ನಗರದ ಒಂದು ಖಾಸಗಿ ಸಲಹಾ ಸಂಸ್ಥೆ. ಸಮಿತಿಯಲ್ಲಿ ನಗರದ ಹೊರಗಿನವರು ಮೇಷ್ಟ್ರೊಬ್ಬರೇ. ಜಿಲ್ಲೆಯವರೂ ಇದ್ದಾರೆ ಎಂದು ತೋರಿಸುವುದಕ್ಕಾಗಿ ತಮ್ಮನ್ನು ಕರೆದಿದ್ದಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಅಲಂಕಾರಕ್ಕೆ ಕರ್ದವ್ರೆ ಕಣಮ್ಮ. ಹೂವಿನ ಕುಂಡ ಬಾಯಿ ತೆಗೆದ್ರೆ ಏನಾಗ್ತೈತೆ, ನೋಡಾಣ."

ನಾನು ಆಗ ರಸ್ತೆ, ನೀರು, ಆಸ್ಪತ್ರೆಗಳ ಪ್ರಶ್ನೆಗಳನ್ನು ಎತ್ತಿಕೊಂಡಿದ್ದ ಒಂದು ನಾಗರಿಕ ವೇದಿಕೆಯಲ್ಲಿ ದುಡಿಯುತ್ತಿದ್ದೆ. ಸುದ್ದಿ ತಿಳಿದ ದಿನವೇ ಅವರ ಮನೆಗೆ ಹೋಗಿ ಬಾಗಿಲಲ್ಲಿಯೇ ನಿಂತು ಕೇಳಿದೆ: "ಸರ್, ದುಡ್ಡಿದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು ದಾರಿ. ಇಂಥದಕ್ಕೆ ನೀವು ಹೋಗಿ ಕೂರ್ತೀರಾ?"

ಅವರು ನನ್ನನ್ನು ಒಳಗೆ ಕರೆದು ಕೂರಿಸಿ, ನನ್ನ ವಾದವನ್ನು ನನಗೇ ಹೇಳಿದರು. "ರಸ್ತೆ ಎಲ್ಲರ ತೆರಿಗೆ ದುಡ್ಡಿನಾಗೆ ಆಗಿದ್ದು. ಅದ್ರಾಗೆ ಒಂದು ಪಟ್ಟಿ ಕಿತ್ತು ಉಳ್ಳೋರಿಗೆ ಕೊಟ್ರೆ ಉಳಿದೋರು ಇನ್ನೂ ಇಕ್ಕಟ್ಟಿನಾಗೆ ಸಾಯಬೇಕು. ನಿಂತಿರೋರ ಕಣ್ಮುಂದೇನೇ ಕಾರು ಭರ್ರಂತ ಹೋಗೋದೈತಲ್ಲ, ಅದು ಬರೀ ಟ್ರಾಫಿಕ್ ಅಲ್ಲ, ಅವಮಾನ. ಸರಿಯಾ?"

ಅವಮಾನ ಎಂಬ ಮಾತು ನನಗೆ ಹೊಳೆದೇ ಇರಲಿಲ್ಲ. "ಸರಿ" ಎಂದೆ.

"ಈಗ ನನ್ದು ಕೇಳು. ಈಗಿನ ರಸ್ತೆ ಬಿಟ್ಟಿ ಅಂದ್ಕಂಡಿದೀಯಾ? ಅಲ್ಲೂ ರೇಟ್ ಐತೆ. ದುಡ್ಡಿನ ಬದ್ಲು ಹೊತ್ತು ಇಸ್ಕಂತಾರೆ. ಕೂಲಿಯವನ ಹತ್ರಾನೂ ಅಷ್ಟೇ, ಸಾಹುಕಾರನ ಹತ್ರಾನೂ ಅಷ್ಟೇ, ಆಂಬುಲೆನ್ಸಿನಾಗೆ ಮಲಗಿರೋನ ಹತ್ರಾನೂ ಅಷ್ಟೇ. ಅದನ್ನ ಸಮಾನತೆ ಅಂತೀಯಾ ನೀನು?"

ಹಾಗೆ ಕೇಳಿದವರೇ ಎದ್ದು ನಿಂತರು. "ಇಲ್ಲಿ ಕುಂತು ಗೊತ್ತಾಗಲ್ಲ. ನಾಳೆ ಹೋಗಾಣ, ಅದ್ರಾಗೇ ನಿಂತು ನೋಡಾಣ."

ಸಂಸ್ಥೆ ಕಳುಹಿಸಿದ ಕಾರನ್ನು ಅವರು ಬೇಡವೆಂದರು. ಚಿತ್ರದುರ್ಗದಲ್ಲಿ ಸರ್ಕಾರಿ ಬಸ್ಸು ಹತ್ತಿದೆವು. ನಗರದ ಅಂಚು ಮುಟ್ಟುವ ತನಕ ಮೇಷ್ಟ್ರು ಕಿಟಕಿಗೆ ತಲೆಯಾನಿಸಿ ಸೊಗಸಾಗಿ ನಿದ್ದೆ ಮಾಡಿದರು. ಬಸ್ಸು ನಿಂತಿತು. ಸ್ವಲ್ಪ ಉರುಳಿ ಮತ್ತೆ ನಿಂತಿತು. ಯಲ್ಲದಕೆರೆಯಿಂದ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದ ಹೆಂಗಸೊಬ್ಬಳು, "ಏನ್ರೀ ಕಂಡಕ್ಟ್ರೇ, ಆಸ್ಪತ್ರೆಯೋರು ಬಾಗ್ಲು ಹಾಕ್ಕಂಡು ಹೋದ ಮ್ಯಾಲೆ ಮುಟ್ಟಿಸ್ತೀರೇನು?" ಎಂದು ಕೂಗಿದಳು. ಕಂಡಕ್ಟರು, "ನಾನೇನು ಬಸ್ ಹೊತ್ಕಂಡು ಹೋಗ್ಲಾ ತಾಯಿ?" ಎಂದ. ಮೇಷ್ಟ್ರು ಎದ್ದು ನಿಂತು, ಕಂಬ ಹಿಡಿದುಕೊಂಡು, ಬಸ್ಸಿನ ಒಳಗೊಮ್ಮೆ ಹೊರಗೊಮ್ಮೆ ನೋಡತೊಡಗಿದರು. ಒಳಗೆ ಜನ ಒತ್ತೊತ್ತಾಗಿ ತುಂಬಿದ್ದರು. ಹೊರಗೆ ನಮ್ಮ ಸುತ್ತಲೂ ನಿಂತಿದ್ದ ಕಾರುಗಳಲ್ಲಿ ಹೆಚ್ಚಿನವುಗಳೊಳಗೆ ಒಬ್ಬೊಬ್ಬರೇ ಇದ್ದರು.

"ನೋಡಮ್ಮ," ಎಂದರು. "ಈ ಬಸ್ಸಿನಾಗಿರೋರು ಒಬ್ಬೊಬ್ಬರೂ ಕಾರು ತಂದಿದ್ರೆ ಸಾಲು ಎಲ್ಲಿ ತನ್ಕ ಹೋಗ್ತಿತ್ತು? ಇಕ್ಕಟ್ಟು ಕಮ್ಮಿ ಮಾಡ್ತಿರೋರು ಇವ್ರು. ಶಿಕ್ಷೆ ಆಗ್ತಿರೋದೂ ಇವ್ರಿಗೇ."

ಅವರ ನಿಲುವು ರೂಪುಗೊಂಡದ್ದು ಆ ಬಸ್ಸಿನಲ್ಲಿ. ಟೋಲ್ ಲೇನ್ ಬೇಕು. ದರ ಹಾಕಿ ಒಂದು ಲೇನನ್ನು ಸರಾಗವಾಗಿ ಹರಿಯುವಂತೆ ಇಟ್ಟರೆ, ನಿಂತು ನಿಂತು ಸಾಗುವ ಲೇನಿಗಿಂತ ಹೆಚ್ಚು ವಾಹನಗಳು ಅದರಲ್ಲಿ ದಾಟುತ್ತವೆ. ಆದರೆ ಹಾಗೆ ಬಿಡಿಸಿಕೊಂಡ ಜಾಗದಲ್ಲಿ ಮೊದಲ ಹಕ್ಕು ಬಸ್ಸಿಗೆ, ಅದೂ ಶುಲ್ಕವಿಲ್ಲದೆ. ಬಸ್ಸು ಸರಸರನೆ ಹೋದರೆ ಕಾರು ಬಿಟ್ಟು ಬಸ್ಸು ಹತ್ತುವವರು ಹುಟ್ಟುತ್ತಾರೆ, ಆಗ ಪಕ್ಕದ ಲೇನುಗಳೂ ಹಗುರಾಗುತ್ತವೆ. ಬಸ್ಸಿಗೆ ಪ್ರವೇಶವಿಲ್ಲದ ಟೋಲ್ ಲೇನನ್ನು ತಾವು ಎಂದಿಗೂ ಒಪ್ಪುವುದಿಲ್ಲ. ಈ ಷರತ್ತು ವರದಿಯಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿತು. ನಾನು ಪೂರ್ತಿ ಒಪ್ಪಿದೆನೆಂದಲ್ಲ. ಆದರೆ ವಿರೋಧಿಸುತ್ತ ಅವರ ಜೊತೆಗೇ ನಡೆದೆ. ಅವರಿಗೂ ಅಂಥವರೇ ಬೇಕಾಗಿತ್ತು.

ರಸ್ತೆ ಬೆಂಗಳೂರಿನದಾದರೂ ಅದರಲ್ಲಿ ನಿಲ್ಲುವವರು ನಮ್ಮವರು, ಅವರನ್ನು ಕೇಳದೆ ವರದಿ ಬರೆಯಕೂಡದು ಎಂದು ಪಟ್ಟು ಹಿಡಿದು ಮೇಷ್ಟ್ರು ಹಿರಿಯೂರಿನಲ್ಲಿ ಒಂದು ಸಾರ್ವಜನಿಕ ಸಭೆಯನ್ನು ಏರ್ಪಡಿಸಿದರು. ಸಮುದಾಯ ಭವನ ತುಂಬಿತ್ತು. ಲಾರಿ ಮಾಲೀಕರು, ಈರುಳ್ಳಿ ವ್ಯಾಪಾರಿಗಳು, ಕುರಿ ಸಾಗಿಸುವವರು, ವಾರಕ್ಕೊಮ್ಮೆ ಊರಿಗೆ ಬಂದು ಹೋಗುವ ನೌಕರರು, ಎಲ್ಲರೂ ಬಂದಿದ್ದರು. ಲಾರಿ ಮಾಲೀಕರ ಮುಖಂಡ, ಅಂಗಿಯ ತೋಳು ಮಡಚಿದ ಭಾರಿ ಆಳು, ಯಾರೂ ಕರೆಯುವ ಮೊದಲೇ ಎದ್ದು ನಿಂತ.

"ಮೇಷ್ಟ್ರೇ, ನೀವು ಪಾಠ ಹೇಳ್ಕಂಡು ಇದ್ದೋರು. ಸ್ಟೇರಿಂಗ್ ಹಿಡಿದು ಗೊತ್ತೇನ್ರಿ ನಿಮಗೆ? ಈಗ್ಲೇ ಟೋಲ್ ಕಟ್ಟಿ ಕಟ್ಟಿ ಸೊಂಟ ಬಿದ್ದೈತೆ. ಟೋಲಿನ ಮ್ಯಾಲೆ ಇನ್ನೊಂದು ಟೋಲ್ ಅಂದ್ರೆ ಏನರ್ಥ? ಲಾರೀನ ಮನೆ ಮುಂದೆ ನಿಲ್ಸಿ ಅದ್ರ ಮ್ಯಾಲೆ ಹಪ್ಪಳ ಒಣಗ್ಸಾಣೇನ್ರಿ?"

ಭವನ ಹೋ ಎಂದು ನಕ್ಕು ಚಪ್ಪಾಳೆ ಹೊಡೆಯಿತು. ಮೇಷ್ಟ್ರು ಮೈಕು ಹಿಡಿದರು. "ನೀವು ಹೇಳಿದ್ದು ಸಾಲದು. ನಿಮ್ಮ ಮಾತು ನಾನು ಹೇಳ್ತೀನಿ. ಸರಿಯಾ ನೋಡ್ರಿ."

ಆಮೇಲೆ ಅವರು ಆಡಿದಂಥ ಮಾತನ್ನು ನಾನು ಯಾವ ವೇದಿಕೆಯ ಮೇಲೆಯೂ ಮತ್ತೆ ಕೇಳಿಲ್ಲ. ಈ ಹೆದ್ದಾರಿ ಹಾಯ್ದು ಹೋದದ್ದು ಯಾರ ಹೊಲಗಳ ಮೇಲೆ ಎಂದು ಕೇಳಿದರು. ಅಗಲ ಮಾ‌ಡಿದಾಗಲೆಲ್ಲ ಅಂಗಡಿಯ ಜಗುಲಿ ಕಳೆದುಕೊಂಡವರು ಯಾರು ಎಂದು ಕೇಳಿದರು. ಬದಿಯಲ್ಲಿ ನಡೆದು ಹೋಗುತ್ತಿದ್ದವರ ಊರುಗಳು ಈಗ ರಸ್ತೆಯ ಆಚೆಗೊಂದು ಈಚೆಗೊಂದು ಹೋಳಾಗಿ ನಿಂತಿರುವುದನ್ನು ಹೇಳಿದರು. "ದಾರಿ ನಮ್ಮ ಹೊಲದ ಮ್ಯಾಲೆ, ವೇಗ ಮಾತ್ರ ಅವ್ರದ್ದು! ಈಗ ಆ ದಾರಿಯ ಕೊನೆಗೆ ಒಂದು ಬಾಗ್ಲು ಇಟ್ಟು, ದುಡ್ಡಿಲ್ದಿದ್ರೆ ಪಕ್ಕಕ್ಕೆ ನಿಲ್ಲು ಅಂತಾರೆ. ನಿಲ್ಲಬೇಕೇನ್ರಿ ನಾವು?" ಎಂದು ಅವರು ಕೇಳಿದಾಗ ಭವನಕ್ಕೆ ಭವನವೇ ಎದ್ದು ನಿಂತಿತು. ಸಿಳ್ಳೆ, ಕೇಕೆ, ಧಿಕ್ಕಾರದ ಘೋಷಣೆ. ಲಾರಿ ಮುಖಂಡ ವೇದಿಕೆಗೆ ಹಾರಿ, ಅತಿಥಿಗಳಿಗೆಂದು ತಂದಿದ್ದ ಹಾರವನ್ನು ಮೇಷ್ಟ್ರ ಕೊರಳಿಗೆ ಹಾಕಿ ಅವರನ್ನು ತಬ್ಬಿಕೊಂಡ. ಹಿಂದಿನ ಸಾಲಿನವರು ಆಗಲೇ ಮಂಡಕ್ಕಿ ಮೆಣಸಿನಕಾಯಿ ಇಟ್ಟಿದ್ದ ಅಂಗಳದ ಕಡೆಗೆ ನುಗ್ಗಿದ್ದರು.

"ಕುಂತ್ಕಳ್ರಿ! ಕುಂತ್ಕಳ್ರಿ!" ಮೇಷ್ಟ್ರು ಹಾರದೊಳಗಿಂದ ಕೂಗುತ್ತಿದ್ದರು. "ಇದು ನಿಮ್ಮ ಮಾತು ಕಣ್ರಯ್ಯಾ! ನನ್ದಿನ್ನೂ ಶುರುನೇ ಆಗಿಲ್ಲ!"

ಕೇಳಿಸಿಕೊಂಡವಳು ನಾನೊಬ್ಬಳೇ.

ಮರುದಿನದ ಪತ್ರಿಕೆಗಳಲ್ಲಿ ಮೇಷ್ಟ್ರು ಟೋಲ್ ಲೇನಿನ ವಿರುದ್ಧ ಗುಡುಗಿದ್ದರು. ಮನೆಯ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಸಂಜೆಯ ಹೊತ್ತಿಗೆ ಲಾರಿ ಮುಖಂಡ ಹಣ್ಣಿನ ಬುಟ್ಟಿಯೊಂದಿಗೆ ಬಂದು, ತಮ್ಮ ಸಂಘಕ್ಕೆ ಗೌರವಾಧ್ಯಕ್ಷರಾಗಬೇಕೆಂದು ಬೇಡಿಕೊಂಡ.

"ನಾನು ಹಂಗಂದಿಲ್ಲ ಕಣಯ್ಯ," ಎಂದರು ಮೇಷ್ಟ್ರು. "ಅದು ನಿಮ್ಮ ಪರವಾಗಿ ಹೇಳಿದ್ದು. ನನ್ನ ಮಾತು ಬೇರೆ ಐತೆ."

"ಜನ ನಂಬವ್ರೆ, ಬಿಡ್ರಿ ಮೇಷ್ಟ್ರೇ."

"ನಂಬವ್ರೆ ಅಂತಾನೇ ಬಿಡಕ್ಕಾಗಲ್ಲ."

ಮುಖಂಡ ಹೋದ ಮೇಲೆ ನಾನೂ ಒಂದು ಮಾತು ಹೇಳಿ ನೋಡಿದೆ. ಆ ಭಾಷಣವೂ ಒಂದು ಗೌರವದ ನಿಲುವೇ ಅಲ್ಲವೇ ಸರ್, ಹಾಗೆಯೇ ಉಳಿಯಲಿ ಎಂದೆ. "ಒಳ್ಳೇ ನಿಲುವೇ. ಆದ್ರೆ ನನ್ದಲ್ಲ," ಎಂದರು. ಅಕ್ಕ ಹಣ್ಣಿನ ಬುಟ್ಟಿಯನ್ನು ನನ್ನ ಕೈಗಿತ್ತು, "ಇದನ್ನ ಅವ್ರ ಮನೆಗೇ ವಾಪಸ್ ಕೊಟ್ಟು ಹೋಗಮ್ಮ. ತಿಂದ ಮ್ಯಾಲೆ ಎದುರಾಡಕ್ಕೆ ನಾಚಿಕೆ ಆಗ್ತೈತೆ" ಎಂದರು.

ಮನುಷ್ಯನೊಬ್ಬ ತನಗೆ ಬಿದ್ದ ಹಾರವನ್ನು ಊರೂರು ತಿರುಗಿ ಹಿಂದಿರುಗಿಸಿದ್ದನ್ನು ನಾನು ಕಂಡದ್ದು ಆ ಬಾರಿ ಮಾತ್ರ. ಸಭೆಗೆ ಬಂದಿದ್ದವರ ಊರುಗಳಿಗೆಲ್ಲ ಮೇಷ್ಟ್ರು ಹೊರಟರು. ಐಮಂಗಲದ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ನಿಂತು, "ಹಿರಿಯೂರಿನಾಗೆ ನೀವು ಚಪ್ಪಾಳೆ ಹೊಡೆದ್ರಲ್ಲ, ಅದು ನನ್ನ ಮಾತಲ್ಲ. ನಾನು ಟೋಲ್ ಲೇನ್ ಬೇಕು ಅನ್ನೋನು" ಎಂದು ಸಾರಿದರು. ಅಂಗಡಿಯಲ್ಲಿ ಗದ್ದಲವೆದ್ದಿತು.

"ಓಹೋ, ಟೋಲ್ ಮೇಷ್ಟ್ರು! ಇನ್ಮ್ಯಾಲೆ ಚಾ ಕುಡಿಯಕ್ಕೂ ದುಡ್ ಕೊಡ್ಬೇಕು ಅಂತೀರೇನೋ!"

"ಈಗ್ಲೂ ಕೊಡ್ತೀಯಲ್ಲೋ," ಎಂದರು ಮೇಷ್ಟ್ರು. "ಬಿಟ್ಟಿ ಕೊಟ್ರೆ ನೋಡು, ಸಾಲು ಹಿರಿಯೂರಿಗೆ ಹೋಗಿ ಮುಟ್ತೈತೆ. ನಿನಗೂ ಚಾ ಸಿಗಲ್ಲ, ನನಗೂ ಇಲ್ಲ."

ಕೆಲವರು ನಕ್ಕರು, ಕೆಲವರು ಎದ್ದು ಹೋದರು. ಜವನಗೊಂಡನಹಳ್ಳಿಯಲ್ಲಿ ವಾದ ಇನ್ನೂ ಬಿಗಿಯಾಯಿತು. ಕುರಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ ಹಿರಿಯ ವ್ಯಾಪಾರಿಯೊಬ್ಬ, ಟವೆಲನ್ನು ಹೆಗಲಿಂದ ಹೆಗಲಿಗೆ ಎಸೆಯುತ್ತ ಎದುರು ನಿಂತ. ಮೇಷ್ಟ್ರು ಅವನ ಕುರಿರೊಪ್ಪದ ಕಡೆಗೆ ಕೈ ಮಾಡಿದರು.

"ಸಂಜೆ ಎಲ್ಲಾ ಕುರಿ ಒಂದೇ ಸಲ ಬಾಗ್ಲಿಗೆ ನುಗ್ಗಿದ್ರೆ ಏನಾಗ್ತೈತಪ್ಪ?"

"ಸಿಕ್ಕಾಕ್ಕಂತಾವೆ. ಒಂದೂ ಒಳಕ್ಕೋಗಲ್ಲ."

"ಅದ್ಕೆ ಏನ್ ಮಾಡ್ತೀಯ?"

"ಕೋಲು ಅಡ್ಡ ಹಿಡಿದು ಒಂದಿಷ್ಟೊಂದಿಷ್ಟೇ ಬಿಡ್ತೀನಿ. ಆದ್ರೆ ನಾನು ಕುರಿ ಹತ್ರ ದುಡ್ ಇಸ್ಕಳಲ್ಲ ಮೇಷ್ಟ್ರೇ!"

ಸುತ್ತ ನೆರೆದವರು ಘೊಳ್ಳೆಂದರು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. "ಕುರಿ ನಿನ್ನ ಕೋಲಿಗೆ ಹೆದರ್ತಾವೆ. ಕಾರಿನೋರು ಯಾರ ಕೋಲಿಗೆ ಹೆದರ್ತಾರಪ್ಪ? ಅವ್ರಿಗೆ ದರಾನೇ ಕೋಲು."

"ಹಂಗಾದ್ರೆ ನನ್ನ ಗಾಡೀನ ಎಲ್ಲಿ ನಿಲ್ಲಿಸ್ತೀರಿ? ಬಿಸ್ಲಿನಾಗೆ ಕುರಿ ಸಾಯ್ತಾವೆ ಅಲ್ಲಿ."

"ಸಾಯ್ತಾವೆ ಅಂತ ಅನ್ಸಿದ ದಿನ ದುಡ್ ಕೊಟ್ಟು ಲೇನಿನಾಗೆ ಹೋಗು. ಅರ್ಜೆಂಟ್ ಇಲ್ದಿದ್ ದಿನ ಪಕ್ಕದಾಗೆ ಹೋಗು. ಈಗ ನಿನಗೆ ಆ ದಾರೀನೂ ಇಲ್ಲ. ನೀನು ಬಸ್ಸಿನಾಗೆ ಹೋದ ದಿನ ಮಾತ್ರ ನಿನ್ನ ಹತ್ರ ಯಾರಾದ್ರೂ ಲೇನಿನ ದುಡ್ ಕೇಳಿದ್ರೆ, ಬಂದು ನನ್ನ ಕತ್ತಿನ ಪಟ್ಟಿ ಹಿಡ್ಕ."

ವ್ಯಾಪಾರಿ ಒಪ್ಪಲಿಲ್ಲ. ಆದರೆ ಕುಳಿತುಕೊಳ್ಳಲು ಕಂಬಳಿ ಹಾಸಿ, ಮಜ್ಜಿಗೆ ತರಿಸಿದ. ಕತ್ತಲಾಗುವ ತನಕ ಇಬ್ಬರೂ ಕೂಗಾಡಿದರು. ಹಿರಿಯೂರಿನ ಬಸ್ ನಿಲ್ದಾಣದಲ್ಲಿ "ಟೋಲ್ ಮೇಷ್ಟ್ರು" ಎಂಬ ಹೆಸರು ಅವರಿಗೆ ಖಾಯಂ ಆಯಿತು. ಲಾರಿ ಮುಖಂಡ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಅಜಾತಶತ್ರು ಎಂದು ಭಾಷಣ ಮಾಡಿದವರಲ್ಲಿ ಅವನೂ ಒಬ್ಬ ಎಂಬುದನ್ನು ದಾಖಲಿಸದೆ ಬಿಡಲಾರೆ.

ಸಲಹಾ ಸಂಸ್ಥೆಗಾದರೋ ಇದರಿಂದ ಅಪಾರ ಸಂತೋಷವಾಯಿತು. ಸ್ವಂತ ಜನರ ಬೈಗುಳ ತಿಂದು ಟೋಲ್ ಲೇನನ್ನು ಸಮರ್ಥಿಸಿದ ಜಿಲ್ಲೆಯ ವಿದ್ವಾಂಸರಿಗಿಂತ ಒಳ್ಳೆಯ ಸಾಕ್ಷಿ ಅವರಿಗೆ ಇನ್ನೆಲ್ಲಿ ಸಿಗಬೇಕು? ಕರಡು ವರದಿ ಸಿದ್ಧವಾದಾಗ ಮೇಷ್ಟ್ರ ಹೆಸರನ್ನು ಮೊದಲ ಪುಟದಲ್ಲಿಯೇ ಅಚ್ಚು ಹಾಕಿಸಿದ್ದರು. ಬೆಂಗಳೂರಿನ ತಂಪು ಕೋಣೆಯಲ್ಲಿ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಹಾಳೆಗಳನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಕೊನೆಯವರೆಗೂ ಓದಿದರು. ನಾನು ಅವರ ಪಕ್ಕದಲ್ಲಿದ್ದೆ. ಬಸ್ಸಿನ ಷರತ್ತು ಎಲ್ಲಿಯೂ ಇರಲಿಲ್ಲ.

"ಸದ್ಯಕ್ಕೆ ಬೇಡ ಅಂತ ಬಿಟ್ಟಿದ್ದೀವಿ ಸರ್," ಎಂದ ಯೋಜನೆಯ ಮುಖ್ಯಸ್ಥ, ವಿನಯವಂತ ಯುವಕ. ಮೇಷ್ಟ್ರು ಕೈಯೆತ್ತಿ ಅವನನ್ನು ತಡೆದರು.

"ನಿಮ್ಮ ಮಾತು ನಾನೇ ಹೇಳ್ತೀನಿ. ಬಸ್ಸುಗಳನ್ನ ಬಿಟ್ಟಿ ಬಿಟ್ರೆ ಆದಾಯ ಕಮ್ಮಿ. ಆದಾಯ ಕಮ್ಮಿಯಾದ್ರೆ ದುಡ್ಡು ಹಾಕೋರು ಬರಲ್ಲ. ಅವ್ರು ಬರ್ಲಿಲ್ಲ ಅಂದ್ರೆ ಲೇನೇ ಆಗಲ್ಲ. ಲೇನೇ ಇಲ್ದಿದ್ ಮ್ಯಾಲೆ ಬಸ್ಸು ಎಲ್ಲಿ ಓಡ್ಬೇಕು? ಅದ್ಕೇ ಮೊದ್ಲು ಲೇನ್ ಆಗ್ಲಿ. ಇಷ್ಟೇನಾ?"

"ಕರೆಕ್ಟ್ ಸರ್. ನಮಗಿಂತ ಚೆನ್ನಾಗಿ ಹೇಳಿದ್ರಿ."

"ಈಗ ಕೇಳ್ರಿ. ಇಕ್ಕಟ್ಟು ಕಮ್ಮಿಯಾಗ್ತೈತಾ ಅಂತ ನೋಡ್ರಿ ಅಂದಿದ್ರು ನಮಗೆ. ಇಕ್ಕಟ್ಟಿನಿಂದ ಕೆಲವರನ್ನ ಪಾರು ಮಾಡೋದು ಹೆಂಗೆ ಅಂತ ಕೇಳಿರ್ಲಿಲ್ಲ. ನೀವು ಉತ್ತರ ಬರ್ದಿರೋದು ಆ ಕೇಳ್ದೇ ಇರೋ ಪ್ರಶ್ನೆಗೆ. ನನ್ನ ಹೆಸರು ತೆಗೀರಿ."

ಯುವಕ ಗಾಬರಿಯಾದ. "ಸರ್, ಒಂದು ಹೆಸರು ತಾನೇ? ಇರ್ಲಿ ಬಿಡಿ."

"ಒಂದೇ ಇರೋದು ಕಣ್ರಿ ನನ್ನ ಹತ್ರ. ಅದ್ಕೇ ವಾಪಸ್ ಕೇಳ್ತಿರೋದು."

ಹೆಸರು ಹೊಡೆದು ಹಾಕುವ ತನಕ ಕುರ್ಚಿಯಿಂದ ಏಳಲಿಲ್ಲ. ಇಂಥ ಗಳಿಗೆಯಲ್ಲಿ ಅವರು ಸ್ಥಿತಪ್ರಜ್ಞರಂತೆ ಇದ್ದರು ಎಂದು ಯಾರಾದರೂ ಬರೆದರೆ ನಂಬಬೇಡಿ. ಹಿಂದಿರುಗುವ ಬಸ್ಸಿನಲ್ಲಿ ತುಮಕೂರು ದಾಟುವ ತನಕ ಗೊಣಗಿದರು, ಸಿರಾದಲ್ಲಿ ಇಳಿದು ಚಹಾ ಸರಿಯಿಲ್ಲವೆಂದು ಹೋಟೆಲಿನವನೊಂದಿಗೆ ಜಗಳವಾಡಿದರು, ಹಿರಿಯೂರು ಬಂದಾಗ "ಇಲ್ಲಿಯೋರು ಟೋಲ್ ಮೇಷ್ಟ್ರು ಅಂತಾರೆ, ಅಲ್ಲಿಯೋರು ಬಸ್ ಮೇಷ್ಟ್ರು ಅಂತಾರೆ. ಇಬ್ರಿಗೂ ಅರ್ಧರ್ಧಾನೇ ಕೇಳ್ಸಿರೋದು" ಎಂದು ಕಿಟಕಿಯ ಆಚೆಗೆ ಮುಖ ಮಾಡಿದರು. ಅವರಿಗೆ ನೋವಾಗಿತ್ತು. ಆದರೂ ಮುಂದಿನ ವಾರವೇ ಕಾಲೇಜಿನ ಹುಡುಗರನ್ನು ಕೂಡಿಸಿಕೊಂಡು ಅದೇ ವಿಷಯದ ಮೇಲೆ ಚರ್ಚೆ ಇಟ್ಟರು. ತಮ್ಮ ನಿಲುವನ್ನು ವಿರೋಧಿಸುವ ತಂಡಕ್ಕೆ ತಾವೇ ತರಬೇತಿ ಕೊಟ್ಟರು.

ಕಳೆದ ಚಳಿಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಾಗಿ ಕೆಲವು ವಾರಗಳ ನಂತರ, ಅವರ ಪುಸ್ತಕಗಳನ್ನು ಕಾಲೇಜಿಗೆ ಕೊಡುವುದಕ್ಕಾಗಿ ಜೋಡಿಸಲು ಅಕ್ಕ ನನ್ನನ್ನು ಕರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಬೆಂಗಳೂರಿನ ಆ ಯುವ ಮುಖ್ಯಸ್ಥ ನಿಂತಿದ್ದ, ಕೈಯಲ್ಲಿ ಹೂಗುಚ್ಛ, ಬಗಲಲ್ಲಿ ದಪ್ಪ ವರದಿ. ಅವನ ದುಃಖ ಸುಳ್ಳಿನದಾಗಿರಲಿಲ್ಲ. ಕುಳಿತವನು ಕಣ್ಣೊರೆಸಿಕೊಂಡು ಹೇಳಿದ: ಯೋಜನೆಗೆ ಒಪ್ಪಿಗೆ ಸಿಗುವ ಸೂಚನೆಯಿದೆ, ಅಂತಿಮ ವರದಿ ಅಚ್ಚಿಗೆ ಹೋಗುತ್ತಿದೆ, ಅದನ್ನು ಸರ್ ಅವರ ನೆನಪಿಗೆ ಅರ್ಪಿಸಬೇಕೆಂದು ಎಲ್ಲರೂ ತೀರ್ಮಾನಿಸಿದ್ದಾರೆ, ಮೊದಲ ಪುಟದಲ್ಲಿ ಅವರ ಹೆಸರು, ಭಾವಚಿತ್ರ. "ತಾವು ಒಪ್ಪಿಗೆ ಕೊಡಬೇಕಮ್ಮ. ಅವರಿಗೆ ಸಲ್ಲಬೇಕಾದ ಗೌರವ ಅದು."

ನನ್ನ ಬಾಯಿಗೆ ಬಂದ ಮಾತನ್ನು ಅಕ್ಕ ಕಣ್ಣಿನಲ್ಲಿಯೇ ತಡೆದರು. ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆಯನ್ನು ತಿರುವಿದರು. ನಕ್ಷೆಗಳು, ಬಣ್ಣದ ಗೆರೆಗಳು, ಲೇನಿನಲ್ಲಿ ಹಾರುವ ಕಾರುಗಳ ಚಿತ್ರಗಳು.

"ಇದ್ರಾಗೆ ಬಸ್ಸು ಎಲ್ಲೈತ್ರಿ?"

"ಬಸ್ಸನ್ನ ಕೈ ಬಿಟ್ಟಿಲ್ಲಮ್ಮ. ಖಂಡಿತ ಬರುತ್ತೆ. ಎರಡನೇ ಹಂತದಲ್ಲಿ ಸೇರಿಸ್ತೀವಿ."

"ಎರಡನೇ ಹಂತ ಯಾವಾಗ?"

"ಅದು... ಮೊದಲನೇದು ಆದ ಮೇಲೆ ನೋಡ್ಕೊಂಡು ಹೇಳ್ಬೇಕು."

ಅಕ್ಕ ವರದಿಯನ್ನು ಮುಚ್ಚಿ, ಎರಡೂ ಕೈಗಳಿಂದ ಅವನಿಗೆ ಹಿಂದಿರುಗಿಸಿದರು.

"ಹಂಗಾದ್ರೆ ಅವ್ರ ಹೆಸರನ್ನೂ ಎರಡನೇ ಹಂತಕ್ಕೇ ಇಟ್ಕಳ್ರಿ. ಬಸ್ಸು ಬಂದ ದಿನ ಬಂದು ಕೇಳ್ರಿ, ಕೊಡ್ತೀನಿ."